ಅಂಗಳವಿಲ್ಲದೆ ಬೇಸಿಗೆ ತರಕಾರಿ: ಬೀಜ ಕೊಳ್ಳುವ ಮೊದಲು ಬಿಸಿಲು ಅಳೆಯಿರಿ

ಬೀಜದ ಪೊಟ್ಟಣ ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಗಿಡ ಇಡಬೇಕು ಅಂತ ನೀವು ಅಂದುಕೊಂಡಿರುವ ಜಾಗ ಬಾಲ್ಕನಿ ಇರಬಹುದು, ತಾರಸಿ ಇರಬಹುದು, ಮೆಟ್ಟಿಲ ಪಕ್ಕದ ಮೂಲೆ ಇರಬಹುದು, ಬರೀ ಕಿಟಕಿಯ ಕಟ್ಟೆಯೇ ಇರಬಹುದು. ಅಲ್ಲಿ ದಿನಕ್ಕೆ ಎಷ್ಟು ಗಂಟೆ ನೇರ ಬಿಸಿಲು ಬೀಳುತ್ತದೆ ಅಂತ ನೋಡಿ ಬರೆದಿಡಿ. ರಜೆಯ ಒಂದು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಗಂಟೆಗೊಮ್ಮೆ ಕಣ್ಣು ಹಾಯಿಸಿದರೆ ಸಾಕು. ಬೆಳಕು ಬೇರೆ, ಬಿಸಿಲು ಬೇರೆ. ಜಾಗ ಬೆಳ್ಳಗೆ ಕಾಣುತ್ತದೆ ಅಂದ ಮಾತ್ರಕ್ಕೆ ಅಲ್ಲಿ ಬಿಸಿಲಿದೆ ಅಂತಲ್ಲ. ನಿಮ್ಮ ಕೈಯ ನೆರಳು ನೆಲದ ಮೇಲೆ ಅಂಚು ಸಮೇತ ಸ್ಪಷ್ಟವಾಗಿ ಬಿದ್ದರೆ ಮಾತ್ರ ಅದನ್ನು ಬಿಸಿಲು ಅಂತ ಲೆಕ್ಕಕ್ಕೆ ತಗೊಳ್ಳಿ.

ಇದಕ್ಕೆ ಇಷ್ಟು ಒತ್ತು ಕೊಡುವುದು ಯಾಕೆ ಅಂದರೆ, ಮಣ್ಣು, ನೀರು, ಗೊಬ್ಬರ, ಕುಂಡ ಎಲ್ಲವನ್ನೂ ತರಬಹುದು, ಸರಿ ಹೋಗದಿದ್ದರೆ ಬದಲಾಯಿಸಬಹುದು. ಬಿಸಿಲನ್ನು ಮಾತ್ರ ತರಲಾಗುವುದಿಲ್ಲ. ಮೂರು ಗಂಟೆ ಬಿಸಿಲಿನ ಜಾಗದಲ್ಲಿ ಟೊಮೆಟೊ ಇಟ್ಟು, ಕಾಯಿ ಯಾಕೆ ಬರುತ್ತಿಲ್ಲ ಅಂತ ಗೊಬ್ಬರದ ಮೇಲೆ ಗೊಬ್ಬರ ಸುರಿಯುವವರು ತುಂಬಾ ಜನ ಇದ್ದಾರೆ. ತಪ್ಪು ಗೊಬ್ಬರದ್ದಲ್ಲ, ಜಾಗಕ್ಕೆ ಹೊಂದದ ಬೀಜದ್ದು.

ಇನ್ನೊಂದು ವಿಷಯ. ಚಳಿಗಾಲದಲ್ಲಿ ಸೂರ್ಯ ಆಕಾಶದಲ್ಲಿ ತಗ್ಗಿನಲ್ಲಿ ಸಾಗುವುದರಿಂದ ಬಿಸಿಲು ಬಾಲ್ಕನಿಯ ಒಳಗೋಡೆವರೆಗೂ ಬರುತ್ತದೆ. ಬೇಸಿಗೆಯಲ್ಲಿ ಅದೇ ಸೂರ್ಯ ಎತ್ತರಕ್ಕೆ ಹೋಗುತ್ತಾನೆ, ಮೇಲಿನ ಮಹಡಿಯ ಚಾವಣಿ ಅಡ್ಡ ಬರುತ್ತದೆ, ಚಳಿಗಾಲದಲ್ಲಿ ಬಿಸಿಲು ಬೀಳುತ್ತಿದ್ದ ಜಾಗ ಮಧ್ಯಾಹ್ನವೆಲ್ಲ ನೆರಳಿನಲ್ಲಿ ಇರುತ್ತದೆ. ಹಾಗಾಗಿ ಚಳಿಗಾಲದ ಲೆಕ್ಕವನ್ನು ಬೇಸಿಗೆಗೆ ನಂಬಬೇಡಿ. ಬೇಸಿಗೆಯಲ್ಲಿ ಬಾಲ್ಕನಿಯ ಒಳ್ಳೆಯ ಜಾಗ ಅಂದರೆ ಸಾಮಾನ್ಯವಾಗಿ ಕಂಬಿಯ ಅಂಚು. ಪಶ್ಚಿಮಕ್ಕೆ ಮುಖ ಮಾಡಿದ ಬಾಲ್ಕನಿಗೆ ಮಧ್ಯಾಹ್ನದ ನಂತರದ ಸುಡುಬಿಸಿಲು ಸಿಗುತ್ತದೆ, ಪೂರ್ವದ್ದಕ್ಕೆ ಬೆಳಗಿನ ಎಳೆಬಿಸಿಲು. ಗಂಟೆ ಒಂದೇ ಇದ್ದರೂ ಎರಡರ ಕಾವು ಒಂದೇ ಅಲ್ಲ, ಪಶ್ಚಿಮದವರು ನೀರಿನ ಕಡೆ ಜಾಸ್ತಿ ಗಮನ ಕೊಡಬೇಕು.

ಯಾವ ಜಾಗಕ್ಕೆ ಯಾವ ತರಕಾರಿ

ಆರು ಗಂಟೆಗೂ ಹೆಚ್ಚು ನೇರ ಬಿಸಿಲು ಇದ್ದರೆ ನೀವು ಅದೃಷ್ಟವಂತರು. ಟೊಮೆಟೊ, ಬೆಂಡೆ, ಬದನೆ, ಸೌತೆ, ಹೀರೆ, ಹಾಗಲ ಯಾವುದನ್ನಾದರೂ ಹಾಕಬಹುದು. ಐದು ಗಂಟೆಯ ಆಸುಪಾಸಿನಲ್ಲಿ ಇದ್ದರೆ ಮೆಣಸಿನಕಾಯಿ, ಗಿಡ್ಡ ಬೀನ್ಸ್, ಚೆರ್ರಿ ಟೊಮೆಟೊ ಪ್ರಯತ್ನಿಸಿ, ಇಳುವರಿ ಸ್ವಲ್ಪ ಕಡಿಮೆ ಇರುತ್ತದೆ ಅಷ್ಟೇ. ಮೂರು ನಾಲ್ಕು ಗಂಟೆ ಮಾತ್ರ ಅಂದರೆ ಕಾಯಿ ಬಿಡುವ ಗಿಡಗಳ ಆಸೆ ಬಿಡಿ. ಹರಿವೆ, ಬಸಳೆ ಹಾಕಿ. ಇವೆರಡೂ ಬೇಸಿಗೆಯ ಕಾವಿಗೆ ಹೆದರದ ಸೊಪ್ಪುಗಳು. ಪಾಲಕ್, ಕೊತ್ತಂಬರಿಯನ್ನು ಬೇಸಿಗೆಯಲ್ಲಿ ಹಾಕಿದರೆ ಬೇಗ ಹೂವಿಗೆ ತಿರುಗಿ ಎಲೆ ಕಹಿಯಾಗುತ್ತದೆ, ಅವನ್ನು ತಂಪು ಕಾಲಕ್ಕೆ ಇಟ್ಟುಕೊಳ್ಳಿ.

ಮೊದಲ ಸಲ ಬೆಳೆಯುವವರಿಗೆ ನನ್ನ ಸಲಹೆ ಇಷ್ಟೇ: ಒಂದು ಸೊಪ್ಪು, ಎರಡು ಕಾಯಿ. ಹತ್ತು ಬಗೆಯ ಬೀಜ ತಂದು ಹತ್ತು ಪುಟ್ಟ ಕುಂಡಗಳಲ್ಲಿ ಹಾಕುವುದಕ್ಕಿಂತ ಮೂರೇ ಬಗೆಯನ್ನು ದೊಡ್ಡ ಕುಂಡಗಳಲ್ಲಿ ಬೆಳೆದರೆ ಮನೆಗೆ ತರಕಾರಿ ಜಾಸ್ತಿ ಬರುತ್ತದೆ. ಹರಿವೆ 25ರಿಂದ 30 ದಿನಕ್ಕೆ ಕೊಯ್ಲಿಗೆ ಬರುತ್ತದೆ, ಆ ಖುಷಿಯಲ್ಲಿ ಬೆಂಡೆಗೋ ಟೊಮೆಟೊಗೋ ಕಾಯುವ ತಾಳ್ಮೆ ಬರುತ್ತದೆ.

ತಳಿ ಆರಿಸುವಾಗ ಪೊಟ್ಟಣದ ಹಿಂಭಾಗ ಓದಿ. ಟೊಮೆಟೊದಲ್ಲಿ ಎರಡು ಬಗೆ. ಒಂದು, ಒಂದು ಎತ್ತರಕ್ಕೆ ಬೆಳೆದು ನಿಂತು ಹೆಚ್ಚುಕಮ್ಮಿ ಒಟ್ಟಿಗೇ ಕಾಯಿ ಬಿಡುವ ಗಿಡ್ಡ ಜಾತಿ, ಅದರ ಮೇಲೆ ‘ಡಿಟರ್ಮಿನೇಟ್’ ಅಂತ ಬರೆದಿರುತ್ತದೆ. ಇನ್ನೊಂದು, ಬಳ್ಳಿಯ ಹಾಗೆ ಉದ್ದ ಹೋಗುತ್ತಲೇ ಇರುವ ‘ಇಂಡಿಟರ್ಮಿನೇಟ್’. ಬಾಲ್ಕನಿಗೆ ಮೊದಲನೆಯದು ವಾಸಿ. ಬೀನ್ಸ್‌ನಲ್ಲೂ ಗಿಡ್ಡ ಬೀನ್ಸ್, ಬಳ್ಳಿ ಬೀನ್ಸ್ ಅಂತ ಇದೆ. ಸೌತೆಯಲ್ಲಿ ‘ಪಾರ್ಥೆನೊಕಾರ್ಪಿಕ್’ ಅಂತ ಬರೆದ ತಳಿ ಸಿಕ್ಕರೆ ಬಿಡಬೇಡಿ. ಅದಕ್ಕೆ ಪರಾಗಸ್ಪರ್ಶವೇ ಬೇಡ. ಜೇನುನೊಣ ಹತ್ತದ ಮೇಲಿನ ಮಹಡಿಗಳಲ್ಲಿ ಇದು ದೊಡ್ಡ ಅನುಕೂಲ.

ಭಾರದ ಬಗ್ಗೆ ಒಂದು ಮಾತು. ಒಂದು ಲೀಟರ್ ನೀರು ಒಂದು ಕೆಜಿ ತೂಗುತ್ತದೆ, ಒದ್ದೆ ಮಣ್ಣು ಅದಕ್ಕಿಂತಲೂ ಜಾಸ್ತಿ. ಬರೀ ಮಣ್ಣು ತುಂಬಿದ 20 ಲೀಟರಿನ ಕುಂಡ ನೀರು ಕುಡಿದು ನಿಂತಾಗ 25 ಕೆಜಿ ದಾಟುತ್ತದೆ. ದೊಡ್ಡ ಕುಂಡಗಳನ್ನು ಬಾಲ್ಕನಿಯ ನಡುವೆ ಗುಂಪು ಮಾಡದೆ ಗೋಡೆ, ತೊಲೆಗಳ ಹತ್ತಿರ ಹರಡಿ ಇಡಿ. ಕಂಬಿಯ ಹೊರಬದಿಗೆ ಕುಂಡ ನೇತು ಹಾಕುವುದು ಬೇಡವೇ ಬೇಡ, ಕೆಳಗೆ ಜನ ಓಡಾಡುತ್ತಾರೆ.

ಹಳೇ ಬೀಜ ಇದ್ದರೆ

ಬೀಜಕ್ಕೂ ಆಯಸ್ಸು ಇದೆ. ತಂಪಾಗಿ, ಒಣಗಿರುವ ಜಾಗದಲ್ಲಿ ಇಟ್ಟರೆ ಟೊಮೆಟೊ, ಬದನೆ ಬೀಜ ನಾಲ್ಕು ವರ್ಷ ಆರಾಮಾಗಿ ಬರುತ್ತವೆ, ಸೌತೆ ಐದು ವರ್ಷ, ಬೀನ್ಸ್ ಮೂರು, ಮೆಣಸಿನಕಾಯಿ ಮತ್ತು ಬೆಂಡೆ ಎರಡು ವರ್ಷ. ಈರುಳ್ಳಿ ಬೀಜ ಒಂದೇ ವರ್ಷದಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಅನುಮಾನ ಇದ್ದರೆ 10 ಬೀಜಗಳನ್ನು ಒದ್ದೆ ಮಾಡಿದ ಟಿಶ್ಯೂ ಕಾಗದದಲ್ಲಿ ಮಡಚಿ, ಡಬ್ಬಿಯಲ್ಲಿ ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಇಡಿ. ಏಳೆಂಟು ಮೊಳೆತರೆ ಧೈರ್ಯವಾಗಿ ಬಿತ್ತಿ, ನಾಲ್ಕೈದು ಮೊಳೆತರೆ ಎರಡರಷ್ಟು ಬೀಜ ಹಾಕಿ, ಒಂದೋ ಎರಡೋ ಆದರೆ ಹೊಸದು ತನ್ನಿ. ಗುಲಾಬಿ ಅಥವಾ ನೀಲಿ ಬಣ್ಣ ಹಚ್ಚಿದ ಬೀಜಕ್ಕೆ ಸಾಮಾನ್ಯವಾಗಿ ಶಿಲೀಂಧ್ರನಾಶಕ ಬಳಿದಿರುತ್ತಾರೆ. ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಮಣ್ಣು, ಆದರೆ ಬರೀ ಮಣ್ಣಲ್ಲ

ನೆಲದಲ್ಲಿ ಚೆನ್ನಾಗಿರುವ ಮಣ್ಣು ಕುಂಡಕ್ಕೆ ಬಂದರೆ ಗಟ್ಟಿಯಾಗುತ್ತದೆ. ನೆಲದಲ್ಲಿ ಎರೆಹುಳ, ಬೇರು, ಇರುವೆ ಎಲ್ಲ ಸೇರಿ ಮಣ್ಣನ್ನು ಸಡಿಲ ಮಾಡುತ್ತಾ ಇರುತ್ತವೆ, ನೀರು ಕೆಳಗೆ ಇಳಿದು ಹೋಗಲು ಆಳ ಇರುತ್ತದೆ. ಕುಂಡದಲ್ಲಿ ಅದೆಲ್ಲ ಇಲ್ಲ. ಹಾಗಾಗಿ ಮಣ್ಣು ಒಂದು ಪಾಲು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಒಂದು ಪಾಲು, ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಎರೆಗೊಬ್ಬರ ಒಂದು ಪಾಲು ಬೆರೆಸಿ. ಭಾರ ಕಡಿಮೆ ಮಾಡಬೇಕು ಅಂದರೆ ಮಣ್ಣು ಕಡಿಮೆ ಮಾಡಿ ಕೊಕೊಪೀಟ್ ಹೆಚ್ಚಿಸಬಹುದು. ಆಗ ಗೊಬ್ಬರವನ್ನು ಬೇಗ ಬೇಗ ಕೊಡಬೇಕಾಗುತ್ತದೆ, ಯಾಕಂದರೆ ಕೊಕೊಪೀಟ್‌ನಲ್ಲಿ ಗಿಡಕ್ಕೆ ಬೇಕಾದ ಪೋಷಕಾಂಶ ಹೆಚ್ಚೇನೂ ಇರುವುದಿಲ್ಲ. ಕೊಕೊಪೀಟ್ ಇಟ್ಟಿಗೆಯನ್ನು ನೆನೆಸಿದ ಮೇಲೆ ಒಂದೆರಡು ಸಲ ನೀರಿನಲ್ಲಿ ತೊಳೆದು ಹಿಂಡಿ ಬಳಸಿ, ತೊಳೆಯದ ಸರಕಿನಲ್ಲಿ ಉಪ್ಪಿನ ಅಂಶ ಇರಬಹುದು, ಎಳೆ ಬೇರಿಗೆ ಅದು ಆಗುವುದಿಲ್ಲ.

ಕುಂಡದ ತಳಕ್ಕೆ ಜಲ್ಲಿಕಲ್ಲು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಅಂತ ಬಹಳ ಕಡೆ ಹೇಳುತ್ತಾರೆ. ಅದು ನಿಜ ಅಲ್ಲ. ನುಣುಪಾದ ಮಣ್ಣಿನಿಂದ ದಪ್ಪ ಕಲ್ಲಿನ ಪದರಕ್ಕೆ ನೀರು ಸುಲಭವಾಗಿ ಇಳಿಯುವುದಿಲ್ಲ, ಮಣ್ಣು ಪೂರ್ತಿ ನೆನೆಯುವವರೆಗೆ ಕಲ್ಲಿನ ಮೇಲೇ ನಿಲ್ಲುತ್ತದೆ. ಅಂದರೆ ಕಲ್ಲು ಹಾಕಿದಷ್ಟೂ ಒದ್ದೆ ಪದರ ಬೇರಿನ ಹತ್ತಿರಕ್ಕೆ ಬರುತ್ತದೆ. ತಳದಲ್ಲಿ ಒಳ್ಳೆಯ ತೂತುಗಳಿರಲಿ, ಮಣ್ಣು ಸೋರದ ಹಾಗೆ ಒಂದು ಚೂರು ಬಲೆ ಅಥವಾ ಮುರಿದ ಹೆಂಚು ಇಡಿ, ಉಳಿದ ಜಾಗವೆಲ್ಲ ಬೇರಿಗೆ ಬಿಡಿ.

ಸಸಿ ಎಬ್ಬಿಸಲು ಮಾತ್ರ ಬೇರೆ ಮಿಶ್ರಣ ಬೇಕು. ಕೊಕೊಪೀಟ್ ಎರಡು ಪಾಲು, ಜರಡಿ ಹಿಡಿದ ಎರೆಗೊಬ್ಬರ ಒಂದು ಪಾಲು. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬೀಳಬೇಕು, ಧಾರೆ ಸುರಿಯಬಾರದು.

ಬಿತ್ತುವುದು

ಬೀಜಗಳನ್ನು ಎರಡು ಗುಂಪು ಮಾಡಿಕೊಳ್ಳಿ. ಟೊಮೆಟೊ, ಮೆಣಸಿನಕಾಯಿ, ದೊಣ್ಣೆಮೆಣಸು, ಬದನೆ ಇವನ್ನು ಟ್ರೇಯಲ್ಲೋ ಪುಟ್ಟ ಲೋಟದಲ್ಲೋ ಎಬ್ಬಿಸಿ ಆಮೇಲೆ ನಾಟಿ ಮಾಡಬೇಕು. ಬೆಂಡೆ, ಬೀನ್ಸ್, ಅಲಸಂದೆ, ಸೌತೆ, ಹೀರೆ, ಹಾಗಲ ಇವಕ್ಕೆ ಬೇರು ಅಲುಗಿದರೆ ಆಗಿಬರುವುದಿಲ್ಲ. ಇವನ್ನು ನೇರವಾಗಿ ದೊಡ್ಡ ಕುಂಡದಲ್ಲೇ ಬಿತ್ತಿ. ಮೊದಲೇ ಒಳಗೆ ಎಬ್ಬಿಸಲೇಬೇಕು ಅಂದರೆ ಹಳೇ ಪತ್ರಿಕೆ ಸುತ್ತಿ ಮಾಡಿದ ಕಾಗದದ ಲೋಟದಲ್ಲಿ ಹಾಕಿ, ಲೋಟದ ಸಮೇತ ಮಣ್ಣಿಗೆ ಇಳಿಸಿ.

ಆಳದ ಲೆಕ್ಕ ಸರಳ: ಬೀಜದ ದಪ್ಪದ ಎರಡು ಮೂರು ಪಟ್ಟು. ಟೊಮೆಟೊ, ಮೆಣಸು, ಬದನೆಗೆ ಅರ್ಧ ಸೆಂಟಿಮೀಟರ್, ಬೆಂಡೆ, ಬೀನ್ಸ್, ಸೌತೆಗೆ ಎರಡು ಸೆಂಟಿಮೀಟರ್. ಹರಿವೆ ಬೀಜ ಎಷ್ಟು ಸಣ್ಣದು ಅಂದರೆ ಒಣ ಮರಳಿನ ಜೊತೆ ಬೆರೆಸಿ ಉದುರಿಸಿ, ಮೇಲೆ ತೆಳುವಾಗಿ ಎರೆಗೊಬ್ಬರ ಉದುರಿಸಿದರೆ ಸಾಕು. ಬೆಂಡೆ ಬೀಜವನ್ನು ಒಂದು ರಾತ್ರಿ ನೆನೆಸಿ. ಹಾಗಲದ ಸಿಪ್ಪೆ ತುಂಬಾ ಗಟ್ಟಿ, ಉಗುರು ಕತ್ತರಿಯಿಂದ ಅಂಚನ್ನು ಚೂರೇ ಚೂರು ಕತ್ತರಿಸಿ ಒಂದು ದಿನ ನೆನೆಸಿದರೆ ಮೊಳಕೆ ಬೇಗ ಬರುತ್ತದೆ. ಬೀನ್ಸ್ ಅನ್ನು ನೆನೆಸಬೇಡಿ, ನೀರು ಜಾಸ್ತಿ ಕುಡಿದು ಒಡೆದು ಕೊಳೆಯುತ್ತದೆ. ಹದವಾಗಿ ಒದ್ದೆ ಇರುವ ಮಣ್ಣಿಗೆ ಹಾಕಿ, ಮೊಳಕೆ ಕಾಣುವವರೆಗೆ ನೀರಿನ ಕೈ ಹಿಡಿದಿಡಿ.

ಮೊಳಕೆಗೆ ಬೇಕಾಗಿರುವುದು ಬೆಚ್ಚಗಿನ ಮಣ್ಣು ಮತ್ತು ತೇವ. ಮಣ್ಣು 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಹರಿವೆ, ಸೌತೆ ಮೂರನೇ ದಿನದಿಂದಲೇ ಎದ್ದು ಬರುತ್ತವೆ. ಬೀನ್ಸ್, ಬೆಂಡೆಗೆ ಒಂದು ವಾರ, ಟೊಮೆಟೊಗೆ 5ರಿಂದ 10 ದಿನ, ಬದನೆಗೆ ಒಂದರಿಂದ ಎರಡು ವಾರ. ಮೆಣಸಿನಕಾಯಿ ಎಲ್ಲರನ್ನೂ ಕಾಯಿಸುತ್ತದೆ, ಕೆಲವೊಮ್ಮೆ ಮೂರು ವಾರ. ಬರಲಿಲ್ಲ ಅಂತ ಅಗೆದು ನೋಡಬೇಡಿ. ಆಗಷ್ಟೇ ಹೊರಟಿದ್ದ ಬೇರು ಮುರಿಯುತ್ತದೆ.

ಯಾವಾಗ ಬಿತ್ತಬೇಕು ಅನ್ನುವುದು ನೀವಿರುವ ಜಾಗದ ಬೇಸಿಗೆ ಎಂಥದ್ದು ಅನ್ನುವುದರ ಮೇಲೆ ಹೋಗುತ್ತದೆ. ತಣ್ಣಗಿನ ಊರಾದರೆ ರಾತ್ರಿ ತಾಪಮಾನ 10 ಡಿಗ್ರಿಗಿಂತ ಮೇಲೆ ನಿಂತ ಮೇಲೆ ಟೊಮೆಟೊ ಹೊರಗೆ ಇಡಬಹುದು, ಮೆಣಸು ಬದನೆಗೆ 15 ಡಿಗ್ರಿ ಬೇಕು. ಅದಕ್ಕಿಂತ ಆರರಿಂದ ಎಂಟು ವಾರ ಮೊದಲೇ ಒಳಗೆ ಸಸಿ ಮಾಡಿಕೊಳ್ಳಿ. ಸುಡುವ ಬೇಸಿಗೆಯ ಊರಾದರೆ ಲೆಕ್ಕ ಉಲ್ಟಾ. ಕಡು ಬಿಸಿಲು ಬರುವ ಮೊದಲೇ ಟೊಮೆಟೊ ಹೂ ಬಿಟ್ಟು ಕಾಯಿ ಕಟ್ಟಿರಬೇಕು, ಹಾಗಾಗಿ ಚಳಿ ಇರುವಾಗಲೇ ಬೀಜ ಹಾಕಬೇಕು. ಬೆಂಡೆ, ಅಲಸಂದೆ, ಹರಿವೆ, ಬಸಳೆಗೆ ಈ ಚಿಂತೆ ಇಲ್ಲ. ಬಿಸಿ ಏರಿದಷ್ಟೂ ಅವು ಹುರುಪಾಗುತ್ತವೆ.

ಸಸಿ ಎದ್ದ ಮೇಲಿನ ಎರಡು ವಾರ

ಬೀಜದಿಂದ ಬೆಳೆಯುವವರು ಸೋಲುವುದು ಬಹುತೇಕ ಇಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲನೆಯದು, ಸಸಿ ಸಣಕಲಾಗಿ ಉದ್ದುದ್ದ ಬೆಳೆದು ಬಾಗುವುದು. ಇದಕ್ಕೆ ಮುಖ್ಯ ಕಾರಣ, ಬೆಳಕು ಸಾಲದು. ಮೊಳಕೆ ಬರುವವರೆಗೆ ಕತ್ತಲೆಯಲ್ಲಿ ಇಟ್ಟರೂ ನಡೆಯುತ್ತದೆ, ಮೊದಲ ಹಸಿರು ಕುಣಿಕೆ ಮಣ್ಣಿನಿಂದ ತಲೆ ಎತ್ತಿದ ದಿನವೇ ಟ್ರೇಯನ್ನು ಬೆಳಕಿಗೆ ತನ್ನಿ. ಒಂದು ದಿನ ತಡ ಮಾಡಿದರೂ ಕಾಂಡ ಬೆಳಕು ಹುಡುಕಿಕೊಂಡು ಎಳೆದುಕೊಳ್ಳುತ್ತದೆ. ಕಿಟಕಿಯ ಬಳಿ ಇಟ್ಟರೆ ದಿನಾ ಟ್ರೇ ತಿರುಗಿಸಿ. ಕಿಟಕಿಯಲ್ಲೂ ಬೆಳಕು ಸಾಲದಿದ್ದರೆ ಸಾಮಾನ್ಯ ಬಿಳಿ ಎಲ್‌ಇಡಿ ಟ್ಯೂಬ್‌ಲೈಟನ್ನು ಸಸಿಗಿಂತ ಒಂದು ಗೇಣು ಮೇಲೆ ಕಟ್ಟಿ ದಿನಕ್ಕೆ 14ರಿಂದ 16 ಗಂಟೆ ಉರಿಸಿದರೂ ಸಸಿ ಗಟ್ಟಿಯಾಗುತ್ತದೆ. ನೇರಳೆ ಬಣ್ಣದ ದುಬಾರಿ ದೀಪವೇ ಆಗಬೇಕು ಅಂತೇನಿಲ್ಲ.

ಸಣಕಲಾದ ಟೊಮೆಟೊ ಸಸಿಯನ್ನು ಎಸೆಯಬೇಡಿ. ಟೊಮೆಟೊ ಕಾಂಡ ಮಣ್ಣಿನೊಳಗೆ ಹೋದರೆ ಅಲ್ಲಿಂದಲೇ ಬೇರು ಬಿಡುತ್ತದೆ, ಬೀಜದೆಲೆಗಳವರೆಗೆ (ಮೊಳಕೆಯಲ್ಲಿ ಮೊದಲು ಬರುವ ಎರಡು ಎಲೆ) ಆಳವಾಗಿ ಹೂತರೆ ಗಿಡ ಮೊದಲಿಗಿಂತ ಗಟ್ಟಿಯಾಗುತ್ತದೆ. ಈ ಗುಣ ಬದನೆ, ಮೆಣಸಿಗೆ ಇಷ್ಟು ಚೆನ್ನಾಗಿಲ್ಲ. ಅವನ್ನು ಟ್ರೇಯಲ್ಲಿ ಇದ್ದ ಆಳಕ್ಕೇ, ಹೆಚ್ಚಂದರೆ ಒಂದು ಸೆಂಟಿಮೀಟರ್ ಕೆಳಗೆ ನೆಡಿ.

ಎರಡನೆಯದು, ನಿನ್ನೆ ಚೆನ್ನಾಗಿದ್ದ ಸಸಿ ಇವತ್ತು ಬುಡದಲ್ಲಿ ದಾರದಷ್ಟು ತೆಳ್ಳಗಾಗಿ ಮಲಗಿರುವುದು. ಇದು ಸಸಿ ಕೊಳೆ ರೋಗ. ಪಿಥಿಯಮ್, ರೈಜೊಕ್ಟೋನಿಯಾದಂಥ ಸೂಕ್ಷ್ಮಜೀವಿಗಳು ಇದಕ್ಕೆ ಕಾರಣ. ಅವಕ್ಕೆ ಬೇಕಾಗಿರುವುದು ಸದಾ ಒದ್ದೆ ಮಣ್ಣು, ನಿಂತ ಗಾಳಿ, ಒತ್ತೊತ್ತಾಗಿ ನಿಂತ ಸಸಿಗಳು. ಮಲಗಿದ ಸಸಿಯನ್ನು ಉಳಿಸಲಾಗುವುದಿಲ್ಲ, ಪಕ್ಕದವನ್ನು ಉಳಿಸಬಹುದು. ಬಿದ್ದದ್ದನ್ನು ಮಣ್ಣಿನ ಸಮೇತ ತೆಗೆಯಿರಿ, ನೀರು ನಿಲ್ಲಿಸಿ, ಟ್ರೇಯನ್ನು ಗಾಳಿ ಆಡುವ ಕಡೆ ಇಡಿ. ಮುಂದಿನ ಸಲಕ್ಕೆ ತೊಳೆದ ಟ್ರೇ, ಹೊಸ ಮಿಶ್ರಣ, ತೆಳುವಾದ ಬಿತ್ತನೆ. ನೀರನ್ನು ಮೇಲಿಂದ ಸುರಿಯುವ ಬದಲು ಟ್ರೇಯನ್ನು ನೀರಿನ ತಟ್ಟೆಯಲ್ಲಿ ಸ್ವಲ್ಪ ಹೊತ್ತು ಇಟ್ಟು, ಮೇಲ್ಭಾಗ ತೇವ ಕಂಡ ಕೂಡಲೇ ಎತ್ತಿಡಿ. ಮೊಳಕೆ ಬಂದ ಮೇಲೂ ಪ್ಲಾಸ್ಟಿಕ್ ಮುಚ್ಚಳ ಬಿಡುವುದು ಈ ರೋಗಕ್ಕೆ ಕರೆ ಕಳಿಸಿದ ಹಾಗೆ.

ಒಂದು ಲೋಟದಲ್ಲಿ ಮೂರು ಸಸಿ ಬಂದರೆ ಗಟ್ಟಿಯಾದ ಒಂದನ್ನು ಉಳಿಸಿ ಉಳಿದವನ್ನು ಬುಡದಲ್ಲಿ ಕತ್ತರಿಯಿಂದ ಕತ್ತರಿಸಿ. ಕೀಳಬೇಡಿ, ಉಳಿಯುವ ಸಸಿಯ ಬೇರೂ ಅಲುಗುತ್ತದೆ. ಇದು ಮನಸ್ಸಿಗೆ ಕಷ್ಟದ ಕೆಲಸ, ಒಪ್ಪುತ್ತೇನೆ. ಆದರೆ ಮೂರೂ ಇದ್ದರೆ ಮೂರೂ ಸೊರಗುತ್ತವೆ.

ಬೀಜದೆಲೆ ಬಿಟ್ಟು ನಾಲ್ಕೈದು ನಿಜವಾದ ಎಲೆ ಬಂದಾಗ ಸಸಿ ನಾಟಿಗೆ ತಯಾರು. ಒಳಗೆ ಬೆಳೆದ ಸಸಿಯನ್ನು ಮಾತ್ರ ನೇರವಾಗಿ ಬಿಸಿಲಿಗೆ ಇಡಬೇಡಿ, ಒಂದೇ ದಿನದಲ್ಲಿ ಎಲೆ ಬಿಳಿಚಿ ಸುಟ್ಟುಹೋಗುತ್ತದೆ. ಮೊದಲ ದಿನ ಬೆಳಗಿನ ಒಂದು ಗಂಟೆ ಬಿಸಿಲು, ಮರುದಿನ ಎರಡು, ಹೀಗೆ ಏರಿಸುತ್ತಾ ಒಂದು ವಾರದಿಂದ ಹತ್ತು ದಿನದಲ್ಲಿ ಪೂರ್ತಿ ಬಿಸಿಲಿಗೆ ಒಗ್ಗಿಸಿ.

ದೊಡ್ಡ ಕುಂಡಕ್ಕೆ ಹೋಗುವಾಗ

ಕುಂಡ ದೊಡ್ಡದಿದ್ದಷ್ಟೂ ಬೇಸಿಗೆ ಸುಲಭ. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ. ಮೆಣಸಿನಕಾಯಿಗೆ ಕನಿಷ್ಠ 8ರಿಂದ 10 ಲೀಟರ್, ಬೆಂಡೆ ಮತ್ತು ಗಿಡ್ಡ ಟೊಮೆಟೊಗೆ 12, ಬದನೆ, ಸೌತೆಗೆ 15, ಉದ್ದ ಹೋಗುವ ಟೊಮೆಟೊ, ಹೀರೆ, ಹಾಗಲಕ್ಕೆ 20 ಲೀಟರ್. ಸೋರೆ, ಕುಂಬಳಕ್ಕೆ 40 ಲೀಟರಿನ ಡ್ರಮ್ ಬೇಕು, ಬಾಲ್ಕನಿಯಲ್ಲಿ ಅವುಗಳ ಸಹವಾಸ ಬೇಡ ಅಂತಲೇ ನನ್ನ ಅಭಿಪ್ರಾಯ. ಹರಿವೆಗೆ 15 ಸೆಂಟಿಮೀಟರ್ ಆಳದ ಅಗಲವಾದ ಡಬ್ಬಿ ಸಾಕು. ಬೆಂಡೆ ಒಂಟಿ ಗಿಡದಲ್ಲಿ ದಿನಕ್ಕೆ ಒಂದೆರಡೇ ಕಾಯಿ ಸಿಗುವುದು, ಮನೆಗೆ ಸಾಲಬೇಕು ಅಂದರೆ ಐದಾರು ಗಿಡ ಇರಲಿ.

ಕುಂಡ ಹೊಸದೇ ಆಗಬೇಕಿಲ್ಲ. ತಳಕ್ಕೆ ತೂತು ಕೊರೆದ ಬಕೆಟ್, ಆಹಾರ ತುಂಬಿದ್ದ ಪ್ಲಾಸ್ಟಿಕ್ ಡಬ್ಬಿ, ದಪ್ಪ ಚೀಲ ಯಾವುದಾದರೂ ನಡೆಯುತ್ತದೆ. ಬಣ್ಣ ಅಥವಾ ರಾಸಾಯನಿಕ ತುಂಬಿದ್ದ ಡಬ್ಬಿ ಮಾತ್ರ ಬೇಡ. ಕಪ್ಪು ಕುಂಡ ಬೇಸಿಗೆಯ ಬಿಸಿಲಿಗೆ ಕಾದು ಬೇರನ್ನೇ ಬೇಯಿಸುತ್ತದೆ, ತಿಳಿ ಬಣ್ಣದ್ದು ಇರಲಿ, ಇಲ್ಲದಿದ್ದರೆ ಕಪ್ಪು ಕುಂಡದ ಸುತ್ತ ಗೋಣಿ ತಟ್ಟು ಸುತ್ತಿ. ತಾರಸಿಯ ಕಾಂಕ್ರೀಟಿನ ಮೇಲೆ ನೇರ ಇಡದೆ ಇಟ್ಟಿಗೆ ಕೊಟ್ಟು ಎತ್ತರಿಸಿ. ಕೋಲು ಅಥವಾ ಬಲೆಯ ಆಸರೆಯನ್ನು ಸಸಿ ನೆಡುವ ದಿನವೇ ಹಾಕಿಬಿಡಿ, ಆಮೇಲೆ ಚುಚ್ಚಿದರೆ ಬೇರಿಗೆ ಏಟು ಬೀಳುತ್ತದೆ. ಸಂಜೆ ನಾಟಿ ಮಾಡಿ.

ನೀರು ಮತ್ತು ಗೊಬ್ಬರ

ದಿನಕ್ಕೆ ಎಷ್ಟು ಲೋಟ ನೀರು ಅಂತ ಕೇಳುವವರಿಗೆ ಉತ್ತರ ಇಲ್ಲ. ಬೆರಳನ್ನು ಮಣ್ಣಿಗೆ ಎರಡು ಮೂರು ಸೆಂಟಿಮೀಟರ್ ಚುಚ್ಚಿ ನೋಡಿ. ಒಣಗಿದ್ದರೆ ನೀರು, ಒದ್ದೆ ಇದ್ದರೆ ನಾಳೆ. ಕೊಟ್ಟಾಗ ತಳದ ತೂತಿನಿಂದ ಹೊರಬರುವಷ್ಟು ಕೊಡಿ. ಸುಮ್ನೆ ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲೆಯೇ ಉಳಿದು ಬಿಸಿಲಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಬೆಳಿಗ್ಗೆ ಹೊತ್ತು ಒಳ್ಳೆಯದು. ಕಡು ಬೇಸಿಗೆಯಲ್ಲಿ ಕಾಯಿ ಹೊತ್ತ ಗಿಡಕ್ಕೆ ಸಂಜೆ ಇನ್ನೊಮ್ಮೆ ಬೇಕಾಗಬಹುದು. ಮಧ್ಯಾಹ್ನ ಎಲೆ ಜೋತುಬಿದ್ದದ್ದು ನೋಡಿ ಓಡಿಹೋಗಿ ನೀರು ಹಾಕಬೇಡಿ, ಮಣ್ಣು ಮುಟ್ಟಿ ನೋಡಿ. ಮಣ್ಣು ಒದ್ದೆ ಇದ್ದರೆ ಅದು ಬಿಸಿಲಿನ ಸುಸ್ತು, ಸಂಜೆಗೆ ತಾನೇ ಎದ್ದು ನಿಲ್ಲುತ್ತದೆ. ಬೆಳಿಗ್ಗೆಯೂ ಜೋತುಬಿದ್ದಿದ್ದರೆ ಮಾತ್ರ ಚಿಂತಿಸಬೇಕು.

ಕೊಕೊಪೀಟ್ ಮಿಶ್ರಣ ಪೂರ್ತಿ ಒಣಗಿದರೆ ನೀರನ್ನು ಹೀರುವುದೇ ಇಲ್ಲ, ಕುಂಡದ ಅಂಚಿನಿಂದ ಜಾರಿ ಕೆಳಗೆ ಹೋಗುತ್ತದೆ. ನೀವು ನೀರು ಕುಡಿಸಿದೆ ಅಂದುಕೊಳ್ಳುತ್ತೀರಿ, ಒಳಗೆ ಬೇರು ಒಣಗಿಯೇ ಇರುತ್ತದೆ. ಹಾಗಾದಾಗ ಸ್ವಲ್ಪ ಸ್ವಲ್ಪವಾಗಿ, ಹತ್ತು ನಿಮಿಷ ಬಿಟ್ಟು ಬಿಟ್ಟು ನಾಲ್ಕೈದು ಸಲ ಕೊಡಿ. ಒಣ ಎಲೆ, ತೆಂಗಿನ ನಾರು ಏನಾದರೂ ಎರಡು ಮೂರು ಸೆಂಟಿಮೀಟರ್ ದಪ್ಪಕ್ಕೆ ಮಣ್ಣಿನ ಮೇಲೆ ಹೊದಿಸಿದರೆ ನೀರು ಆರುವುದು ಎಷ್ಟೋ ಕಡಿಮೆಯಾಗುತ್ತದೆ. ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಅರ್ಧ ಗಂಟೆಯಲ್ಲಿ ಚೆಲ್ಲಿ, ಬೇರಿಗೂ ಒಳ್ಳೆಯದಲ್ಲ, ಸೊಳ್ಳೆಗೂ ಜಾಗ ಕೊಟ್ಟಂತೆ.

ಪ್ರತಿ ಸಲ ನೀರು ಹೊರ ಹರಿದಾಗ ಸ್ವಲ್ಪ ಪೋಷಕಾಂಶವೂ ಹೋಗುತ್ತದೆ. ಹಾಗಾಗಿ ನಾಟಿ ಮಾಡಿದ ಒಂದು ತಿಂಗಳಿನಿಂದ 10-14 ದಿನಕ್ಕೊಮ್ಮೆ ಗೊಬ್ಬರ ಬೇಕು. ಎರೆಗೊಬ್ಬರ ಒಂದೆರಡು ಹಿಡಿ, ಅಥವಾ ದ್ರವ ಗೊಬ್ಬರವನ್ನು ಪೊಟ್ಟಣದಲ್ಲಿ ಹೇಳಿದ್ದರ ಅರ್ಧ ಪ್ರಮಾಣದಲ್ಲಿ. ಸಾರಜನಕ ಜಾಸ್ತಿಯಾದರೆ ಗಿಡ ಕಡು ಹಸಿರಾಗಿ ಸೊಂಪಾಗಿ ಕಾಣುತ್ತದೆ, ಹೂವೇ ಇರುವುದಿಲ್ಲ. ಹೂ ಶುರುವಾದ ಮೇಲೆ ಪೊಟಾಶ್ ಹೆಚ್ಚಿರುವ ಗೊಬ್ಬರಕ್ಕೆ ಬದಲಾಯಿಸಿ. ಚೀಲದ ಮೇಲೆ ಬರೆದ ಎನ್‌ಪಿಕೆ (ಸಾರಜನಕ, ರಂಜಕ, ಪೊಟಾಶ್) ಅಂಕಿಗಳಲ್ಲಿ ಮೂರನೆಯದು ಪೊಟಾಶ್.

ಹೂ ಇದೆ, ಕಾಯಿ ಯಾಕೆ ಇಲ್ಲ?

ಟೊಮೆಟೊ ಹೂ ಉದುರುವುದಕ್ಕೆ ಬೇಸಿಗೆಯಲ್ಲಿ ಮೊದಲ ಕಾರಣ ಸೆಕೆ. ಹಗಲು 32-35 ಡಿಗ್ರಿ ದಾಟಿ, ರಾತ್ರಿಯೂ 24 ಡಿಗ್ರಿಗಿಂತ ಕೆಳಗೆ ಇಳಿಯದೆ ಇದ್ದರೆ ಪರಾಗ ಕೆಲಸಕ್ಕೆ ಬಾರದಂತಾಗುತ್ತದೆ. ಮಧ್ಯಾಹ್ನ 30ರಿಂದ 50 ಶೇಕಡಾ ನೆರಳಿನ ಬಲೆ ಕಟ್ಟಿ ಗಿಡವನ್ನು ಬದುಕಿಸಿಕೊಳ್ಳಿ, ಸೆಕೆ ಇಳಿದಾಗ ಮತ್ತೆ ಕಾಯಿ ಕಟ್ಟುತ್ತದೆ. ಚೆರ್ರಿ ಟೊಮೆಟೊ ಈ ವಿಷಯದಲ್ಲಿ ದೊಡ್ಡ ಹಣ್ಣಿನ ತಳಿಗಿಂತ ಗಟ್ಟಿ. ಗಾಳಿ, ಜೇನುನೊಣ ಇಲ್ಲದ ಜಾಗವಾದರೆ ಬೆಳಿಗ್ಗೆ ಹತ್ತರ ಹೊತ್ತಿಗೆ ಹೂಗೊಂಚಲಿನ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಟೊಮೆಟೊದ ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುವುದರಿಂದ ಅಲುಗಿಸಿದರೆ ಸಾಕು, ಪರಾಗ ಉದುರಿ ಕೆಲಸ ಆಗುತ್ತದೆ.

ಬದನೆಯಲ್ಲಿ ಎಲ್ಲ ಹೂವೂ ಕಾಯಿ ಆಗುವುದಿಲ್ಲ. ಹೂವಿನ ನಡುವಿನ ಹಸಿರು ಶಲಾಕೆ ಹಳದಿ ಪರಾಗಕೋಶಗಳನ್ನು ದಾಟಿ ಹೊರಗೆ ಚಾಚಿದ್ದರೆ ಅದು ಕಾಯಿ ಕಟ್ಟುವ ಹೂ. ಒಳಗೇ ಮುದುಡಿ ಗಿಡ್ಡವಾಗಿದ್ದರೆ ಅದು ಉದುರುವುದೇ. ಗಿಡದಲ್ಲಿ ಗಿಡ್ಡ ಶಲಾಕೆಯ ಹೂವೇ ಜಾಸ್ತಿ ಕಂಡರೆ ಗಿಡಕ್ಕೆ ಪೋಷಣೆ ಸಾಲದು ಅಂತ ತಿಳಿಯಿರಿ.

ಸೌತೆ, ಹೀರೆ, ಹಾಗಲದ ಕಥೆ ಬೇರೆ. ಒಂದೇ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಮೊದಲು ಸಾಮಾನ್ಯವಾಗಿ ಬರೀ ಗಂಡು ಹೂವೇ ಬರುತ್ತದೆ, ಒಂದೆರಡು ವಾರ ಕಾಯಿರಿ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಮಿಡಿ ಇರುತ್ತದೆ, ಗಂಡು ಹೂವಿಗೆ ಬರೀ ತೊಟ್ಟು. ಆ ಮಿಡಿ ಹಳದಿಯಾಗಿ ಉದುರುತ್ತಿದ್ದರೆ ಪರಾಗ ತಲುಪುತ್ತಿಲ್ಲ ಅಂತ ಅರ್ಥ. ಆಗಷ್ಟೇ ಅರಳಿದ ಗಂಡು ಹೂ ಕಿತ್ತು, ಎಸಳು ತೆಗೆದು, ನಡುವಿನ ಹಳದಿ ಭಾಗವನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ. ಸೌತೆ, ಹಾಗಲ, ಕುಂಬಳಕ್ಕೆ ಇದನ್ನು ಬೆಳಿಗ್ಗೆಯೇ ಮಾಡಬೇಕು. ಹೀರೆ, ಸೋರೆ ಹೂ ಅರಳುವುದು ಸಂಜೆ, ಆದ್ದರಿಂದ ಅವಕ್ಕೆ ಸಂಜೆ. ಹೊತ್ತು ತಪ್ಪಿದರೆ ಎಷ್ಟು ಸವರಿದರೂ ಪ್ರಯೋಜನ ಇಲ್ಲ.

ಟೊಮೆಟೊದ ತಳ ಕಪ್ಪಾಗಿ ಚಪ್ಪಟೆಯಾದರೆ ಅದು ರೋಗವಲ್ಲ, ಹುಳವೂ ಅಲ್ಲ. ಕಾಯಿಗೆ ಸುಣ್ಣದ ಅಂಶ ಸರಿಯಾಗಿ ತಲುಪಿಲ್ಲ ಅಷ್ಟೇ. ಬಹುತೇಕ ಸಲ ಅದು ಮಣ್ಣಿನಲ್ಲಿ ಇರುತ್ತದೆ, ಆದರೆ ನೀರಿನ ಜೊತೆಗೇ ಅದು ಮೇಲೆ ಹೋಗುವುದು. ಎರಡು ದಿನ ಒಣಗಿಸಿ ಮೂರನೇ ದಿನ ತೊಯ್ಯಿಸುವ ಕುಂಡದಲ್ಲಿ ಹೀಗಾಗುತ್ತದೆ. ಮೊಟ್ಟೆ ಚಿಪ್ಪು ಹಾಕಿದರೆ ಈ ಬೆಳೆಗೆ ಉಪಯೋಗವಿಲ್ಲ, ಅದು ಕರಗಲು ತುಂಬಾ ಕಾಲ ಬೇಕು. ಕಪ್ಪಾದ ಕಾಯಿ ಕಿತ್ತುಹಾಕಿ, ನೀರನ್ನು ಒಂದೇ ಹದದಲ್ಲಿ ಇಡಿ, ಮುಂದಿನ ಕಾಯಿಗಳು ಸರಿಯಾಗುತ್ತವೆ.

ಹುಳ

ದಿನಾ ಎಲೆಯ ಅಡಿಭಾಗ ತಿರುಗಿಸಿ ನೋಡುವುದಕ್ಕಿಂತ ದೊಡ್ಡ ಔಷಧಿ ಇಲ್ಲ. ಗಿಡಹೇನು, ಬಿಳಿನೊಣ, ಕೆಂಪು ನುಸಿ ಎಲ್ಲವೂ ಅಲ್ಲೇ ಸಂಸಾರ ಹೂಡುವುದು. ಶುರುವಿನಲ್ಲೇ ಕಂಡರೆ ಜೋರಾಗಿ ನೀರು ಚಿಮ್ಮಿಸಿ ತೊಳೆದರೆ ಮುಗಿಯಿತು. ಎಲೆಯ ಮೇಲೆ ಸಣ್ಣ ಸಣ್ಣ ಹಳದಿ ಚುಕ್ಕೆ, ಅಡಿಯಲ್ಲಿ ತೆಳ್ಳನೆಯ ಬಲೆ ಕಂಡರೆ ಅದು ನುಸಿ, ಒಣ ಸೆಕೆಯಲ್ಲಿ ಅದರ ಹಾವಳಿ ಜಾಸ್ತಿ. ನೀರಿಗೆ ಬಗ್ಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಅದು ಬೆರೆಯಲು ಒಂದೆರಡು ಹನಿ ಸೌಮ್ಯ ದ್ರವ ಸೋಪು ಹಾಕಿ ಚೆನ್ನಾಗಿ ಕುಲುಕಿ, ಎಲೆಯ ಅಡಿಗೆ ಸಿಂಪಡಿಸಿ. ಸಂಜೆಯೇ ಮಾಡಿ, ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ವಾರದ ಅಂತರದಲ್ಲಿ ಎರಡು ಮೂರು ಸಲ ಬೇಕು, ಮೊಟ್ಟೆ ಒಡೆದು ಬರುವ ಮರಿಗಳಿಗೂ ತಾಗಬೇಕಲ್ವಾ.

ಮೆಣಸಿನ ಗಿಡದ ಎಲೆ ಮುದುಡಿದರೆ ಸುಳಿ ನೋಡಿ. ಎಲೆಯ ಅಂಚು ಮೇಲಕ್ಕೆ ದೋಣಿಯಂತೆ ಮಡಚಿದ್ದರೆ ಹೆಚ್ಚಾಗಿ ಥ್ರಿಪ್ಸ್ ಅನ್ನುವ ರಸ ಹೀರುವ ಸಣ್ಣ ಕೀಟ, ಕೆಳಕ್ಕೆ ಮಡಚಿದ್ದರೆ ಹೆಚ್ಚಾಗಿ ನುಸಿ. ಎರಡಕ್ಕೂ ಮುದುಡಿದ ತುದಿ ಚಿವುಟಿ ಬೇವಿನ ಎಣ್ಣೆ ಹೊಡೆದು ನೋಡಬಹುದು. ಆದರೆ ಬಿಳಿನೊಣ ಹರಡುವ ವೈರಸ್ ಬಂದು ಗಿಡ ಪೂರ್ತಿ ಗುಜ್ಜಾಗಿ ಹೊಸ ಎಲೆಯೆಲ್ಲ ಸಣ್ಣಗಾದರೆ ಔಷಧಿ ಇಲ್ಲ, ಪಕ್ಕದ ಗಿಡಗಳಿಗಾಗಿ ಅದನ್ನು ಕಿತ್ತು ದೂರ ಹಾಕಿ.

ಕೊಯ್ಲು, ಮತ್ತೆ ಬೀಜ

ಬೆಂಡೆಯನ್ನು ಹೂ ಬಿದ್ದ ಐದಾರು ದಿನಕ್ಕೆ ಕೊಯ್ಯಿರಿ, ಎರಡು ದಿನಕ್ಕೊಮ್ಮೆ ತಪ್ಪದೆ. ಒಂದು ಕಾಯಿ ಬಲಿತು ನಾರಾದರೂ ಗಿಡ ಬೀಜ ಮಾಡುವ ಕೆಲಸಕ್ಕೆ ತಿರುಗಿ ಹೊಸ ಹೂ ಕಡಿಮೆ ಮಾಡುತ್ತದೆ. ಸೌತೆ, ಬೀನ್ಸ್, ಹೀರೆಗೂ ಇದೇ ಮಾತು. ಹರಿವೆಯನ್ನು ಬುಡ ಸಮೇತ ಕೀಳದೆ ನಾಲ್ಕು ಬೆರಳು ಬಿಟ್ಟು ಕತ್ತರಿಸಿದರೆ ಇನ್ನೂ ಎರಡು ಸಲ ಚಿಗುರುತ್ತದೆ.

ಮುಂದಿನ ವರ್ಷಕ್ಕೆ ಬೀಜ ಇಡುವ ಆಸೆ ಇದ್ದರೆ ಹೈಬ್ರಿಡ್ ಅಥವಾ ಎಫ್-1 (ಎರಡು ತಳಿ ಬೆರೆಸಿ ಮಾಡಿದ್ದು) ಅಂತ ಬರೆದಿದ್ದ ಗಿಡದಿಂದ ಇಡಬೇಡಿ, ಅದೇ ಗುಣದ ಗಿಡ ಬರುವುದಿಲ್ಲ. ನಾಟಿ ತಳಿಯಾದರೆ ಟೊಮೆಟೊ, ಬೀನ್ಸ್‌ನಿಂದ ಶುರು ಮಾಡಿ. ಇವು ಹೆಚ್ಚಾಗಿ ತಮ್ಮ ಪರಾಗವನ್ನೇ ಬಳಸಿಕೊಳ್ಳುವುದರಿಂದ ತಳಿ ಬೆರಕೆಯಾಗುವುದು ಕಡಿಮೆ. ಸೌತೆ, ಹೀರೆಯಲ್ಲಿ ಅಕ್ಕಪಕ್ಕ ಅದೇ ಜಾತಿಯ ಬೇರೆ ತಳಿ ಇದ್ದರೆ ಬೆರಕೆ ಆಗಿಯೇ ಆಗುತ್ತದೆ. ಟೊಮೆಟೊ ಹಣ್ಣಿನ ತಿರುಳನ್ನು ಬೀಜದ ಸಮೇತ ಲೋಟದಲ್ಲಿ ಎರಡು ಮೂರು ದಿನ ಹುಳಿ ಬರಲು ಬಿಡಿ, ಬೀಜದ ಸುತ್ತಲಿನ ಲೋಳೆ ಕರಗುತ್ತದೆ. ತೇಲಿದ ಬೀಜ ಚೆಲ್ಲಿ, ಮುಳುಗಿದ್ದನ್ನು ತೊಳೆದು, ತಟ್ಟೆಯ ಮೇಲೆ ನೆರಳಿನಲ್ಲಿ ಒಂದು ವಾರ ಒಣಗಿಸಿ. ಕಾಗದಕ್ಕೆ ಹಾಕಿದರೆ ಅಂಟಿಕೊಳ್ಳುತ್ತದೆ, ಪಿಂಗಾಣಿ ಅಥವಾ ಸ್ಟೀಲ್ ತಟ್ಟೆ ಆಗಬಹುದು. ಬೀನ್ಸ್ ಕಾಯಿಯನ್ನು ಗಿಡದಲ್ಲೇ ಒಣಗಲು ಬಿಟ್ಟು, ಅಲ್ಲಾಡಿಸಿದಾಗ ಒಳಗೆ ಬೀಜ ಗಿಲಕಿ ಹೊಡೆಯುವಾಗ ಬಿಡಿಸಿ. ಪೊಟ್ಟಣದ ಮೇಲೆ ತಳಿಯ ಹೆಸರು, ವರ್ಷ ಬರೆದು ಗಾಳಿಯಾಡದ ಡಬ್ಬಿಯಲ್ಲಿ ತಂಪು ಜಾಗದಲ್ಲಿ ಇಡಿ.